ಮರಣವಾರ್ತೆಯ ಮಾತು

ಪತ್ರಿಕೆಯ ನಿಧನವಾರ್ತೆ, ಶ್ರದ್ಧಾಂಜಲಿಯ ಜಾಹೀರಾತು, ಉತ್ತರಕ್ರಿಯೆಯ ಆಹ್ವಾನಪತ್ರ ಇವುಗಳನ್ನು ಸಾಹಿತ್ಯವೆಂದು ಎಣಿಸಿ ವಿಮರ್ಶಿಸುವ ವಾಡಿಕೆ ನಮ್ಮಲ್ಲಿಲ್ಲ. ಆದರೂ ಕನ್ನಡದಲ್ಲಿ ದಿನಂಪ್ರತಿ ಅಚ್ಚಾಗಿ, ಕಾವ್ಯ ಕಾದಂಬರಿಗಳತ್ತ ಕಣ್ಣೆತ್ತಿಯೂ ನೋಡದವರು ಸಹ ಆಸ್ಥೆಯಿಂದ ಓದುವ ಗದ್ಯ ಇದಾಗಿರುವುದರಿಂದ, ಅದರ ಗುಣದೋಷಗಳನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅನುಚಿತವಾಗಲಾರದು.

ಈ ಗದ್ಯದ ಶಬ್ದಸಂಪತ್ತು ಅಲ್ಪವಾದುದಲ್ಲ. ವೈಷ್ಣವನು ವೈಕುಂಠವಾಸಿಯಾಗುತ್ತಾನೆ, ಶೈವನು ಕೈಲಾಸವಾಸಿ, ಲಿಂಗವಂತನು ಲಿಂಗೈಕ್ಯ, ಮಾಧ್ವಯತಿಯು ಬೃಂದಾವನಸ್ಥ. ಕ್ರೈಸ್ತನು ಕರ್ತನಲ್ಲಿ ನಿದ್ರೆಹೋಗುತ್ತಾನೆ. ಕರ್ಮ ಮುಗಿದ ಮೇಲಿನ ಊಟವಾದರೂ ಒಂದು ಮನೆಯಲ್ಲಿ ವೈಕುಂಠ ಸಮಾರಾಧನೆ, ಮತ್ತೊಂದರಲ್ಲಿ ಶಿವಗಣಾರಾಧನೆ, ಮಂಡ್ಯದ ಕಡೆಯ ಒಕ್ಕಲು ಮನೆಯಲ್ಲಿ ಬರಿಯ ತಿಥಿ, ತುಳುನಾಡಿನಲ್ಲಿ ಬೊಜ್ಜ. ಹೆಸರನ್ನು ಮರೆಮಾಡಿ ಪತ್ರವನ್ನು ಕೈಗಿತ್ತರೂ ತೀರಿಕೊಂಡವರ ಮತವನ್ನೂ ಸೀಮೆಯನ್ನೂ ಊಹಿಸಬಹುದು. ಆದರೆ ಇಷ್ಟು ಸಂಪತ್ತನ್ನು ವ್ಯಯಮಾಡುವುದರಲ್ಲಿ ವಿವೇಕವು ಕಾಣದು.

ಲಿಂಗೈಕ್ಯವೆಂಬ ಮಾತನ್ನೇ ನೋಡಿರಿ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಸ್ಥಲಗಳನ್ನು ಏರಿದವನಿಗೆ ದೊರೆಯತಕ್ಕ ಐಕ್ಯವು ದೇಹವಿರುವಾಗಲೇ ಸಾಧಿಸಬೇಕಾದ ನಿಲವು. ಅದನ್ನು ಸಾವಿನ ಪರ್ಯಾಯವನ್ನಾಗಿ ಮಾಡಿಕೊಂಡದ್ದರ ಫಲವಾಗಿ, ಇಂಥವರು ಹೃದಯಾಘಾತದಿಂದ ಲಿಂಗೈಕ್ಯರಾದರೆಂದು ಬರೆಯುವುದೂ ಸಹಜವೆನಿಸಿಬಿಟ್ಟಿದೆ. ಷಟ್‌ಸ್ಥಲಕ್ಕೆ ಏಳನೆಯದೊಂದು ಸಾಧನಮಾರ್ಗವನ್ನು ವೈದ್ಯಶಾಸ್ತ್ರವು ಒದಗಿಸಿದಂತಾಯಿತು! ಆತ್ಮಕ್ಕೆ ಚಿರಶಾಂತಿ ಕೋರುವ ವಾಕ್ಯವೂ ಇಂಥದೇ. ಆತ್ಮವು ಅವಿಕಾರಿಯೆಂದು ನಂಬಿದವರ ಮನೆಯ ಪತ್ರದಲ್ಲಿ, ರೋಮಿನ ಚರ್ಚಿನ ಲ್ಯಾಟಿನ್ ಪ್ರಾರ್ಥನೆಯು ಇಂಗ್ಲಿಷಿನ ಹಾದಿಯಿಂದ ಬಂದು ಕುಳಿತಿದೆ; ನಮ್ಮ ಹಿರಿಯರು ಹಾರೈಸುತ್ತಿದ್ದುದು ಸದ್ಗತಿಯನ್ನು.

ಇವೆಲ್ಲಕ್ಕಿಂತ ದೊಡ್ಡ ನಷ್ಟವಾಗಿರುವುದು ಅಂತ್ಯಕ್ರಿಯೆಯೆಂಬ ಒಂದೇ ಶಬ್ದವು ಎಲ್ಲ ಸ್ಮಶಾನಗಳನ್ನೂ ಆಕ್ರಮಿಸಿದುದರಿಂದ. ಧಾರವಾಡ, ಗದಗಗಳ ಸೀಮೆಯಲ್ಲಿ ಸಾವಿನ ಸುದ್ದಿ ತಲುಪಿದೊಡನೆ ಬಂಧುಗಳು ಕೇಳುವ ಮೊದಲ ಪ್ರಶ್ನೆ ‘ಮಣ್ಣು ಎಷ್ಟೊತ್ತಿಗ್ರಿ?’ ಎಂಬುದು. ಹೋದವರು ‘ಮಣ್ಣಿಗೆ ಹೋಗಿದ್ದೆ’, ‘ಮಣ್ಣು ಕೊಟ್ಟು ಬಂದೆ’ ಎನ್ನುತ್ತಾರೆ. ರಾತ್ರಿಯೆಲ್ಲ ಭಜನೆ ನಡೆದು, ಕುಳಿತ ಭಂಗಿಯಲ್ಲಿಯೇ ಶರೀರವನ್ನು ವಿಮಾನದಲ್ಲಿಟ್ಟು ಹೊತ್ತು ತಂದು, ಕುಣಿಯೊಳಗೆ ಇಳಿಸಿದ ಮೇಲೆ ನೆರೆದವರೆಲ್ಲರೂ ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕುವ ಆ ಕ್ರಿಯೆಯೇ ಇಡೀ ವಿಧಿಯ ಹೆಸರಾಗಿದೆ. ಕೊಡುವವರೂ ಅಲ್ಲಿದ್ದಾರೆ, ಕೊಡಿಸಿಕೊಳ್ಳುವವನೂ ಇದ್ದಾನೆ. ‘ಅಂತ್ಯಕ್ರಿಯೆ ನೆರವೇರಿತು’ ಎಂಬ ವಾಕ್ಯದಲ್ಲಿಯಾದರೋ ಕುಣಿ ತೆಗೆದವನಿಲ್ಲ, ಹಲಗೆ ಬಾರಿಸಿದವನಿಲ್ಲ, ಹಾಡ್ಯಾಡಿ ಅತ್ತ ಹೆಂಗಸರಿಲ್ಲ. ತಾನಾಗಿಯೇ ಅದು ನೆರವೇರುತ್ತದೆ. ಮುಸಲ್ಮಾನರ ಮಯ್ಯತ್ತು, ದಫನುಗಳು ಕನ್ನಡದ ಬೀದಿಯ ಮಾತಿನಲ್ಲಿ ಎಂದೋ ನೆಲೆಗೊಂಡಿದ್ದರೂ ವರದಿಗಾರನ ಲೇಖನಿಗೆ ಅವು ಬರುವುದು ಅಪರೂಪ. ಸಾವಿನ ಮನೆಯಿಂದ ಏಳುವಾಗ ‘ಹೋಗಿ ಬರುತ್ತೇನೆ’ ಎನ್ನಬಾರದೆಂದು ಅರಿತು, ಹೇಳದೆಯೇ ಎದ್ದು ನಡೆಯುವಷ್ಟು ಮಾತಿನ ಎಚ್ಚರವುಳ್ಳ ಜನರಿಗೆ ಅಚ್ಚಿನ ಮನೆಯು ಒದಗಿಸಿಕೊಟ್ಟಿರುವ ಗದ್ಯವಿದು.

ತತ್ಸಮ ಶಬ್ದಗಳದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಈ ಲೇಖನವೇ ನನಗೆ ಪ್ರತಿಸಾಕ್ಷಿಯಾದೀತು. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲಿನ ಏಳನೆಯ ಶತಮಾನದ ಸುಮಾರಿನ ನಿಸಿದಿಗಳಲ್ಲಿ, ಎಂದರೆ ಜೈನರ ಮರಣಸ್ಮಾರಕಗಳಲ್ಲಿ, ಸಂಸ್ಕೃತದ ಸನ್ಯಸನ, ಸಮಾಧಿ ಮುಂತಾದ ಮಾತುಗಳು ನೋಂತು ಮುಡಿಪುವ ಅಚ್ಚಗನ್ನಡದ ಕ್ರಿಯೆಯೊಡನೆ ಹೊಂದಿಕೊಂಡು ನಿಂತಿವೆ. ಇಂಥ ವ್ರತವನ್ನು ಇಂಥವನು ಹಿಡಿದನು, ಇಲ್ಲಿ ಮುಗಿಸಿದನು ಎಂಬಷ್ಟನ್ನೇ ಹೇಳಿ ಸುಮ್ಮನಾಗುವ ಆ ಸಂಯಮವು ನಮ್ಮ ಚರಮಲೇಖನಗಳಲ್ಲಿ ದುರ್ಲಭ. ಅಂದು ತಾರತಮ್ಯವಿರಲಿಲ್ಲವೆಂದೂ ಅಲ್ಲ. ಅದೇ ಬೆಟ್ಟದಲ್ಲಿ 982ರಲ್ಲಿ ಸಲ್ಲೇಖನವೆಂಬ ಉಪವಾಸವ್ರತದಿಂದ ಮುಡಿಪಿದ ರಾಷ್ಟ್ರಕೂಟ ಕುಲದ ನಾಲ್ಕನೆಯ ಇಂದ್ರನ ಶಾಸನವು ಅವನ ಚೆಂಡಾಟದ ನೈಪುಣ್ಯವನ್ನು ಕೊಂಡಾಡಲು ಎಷ್ಟೋ ಪದ್ಯಗಳನ್ನು ವೆಚ್ಚಮಾಡುತ್ತದೆ; ಅರಸನ ಸಾವು ಎಂದೂ ಅರಸನ ಸಾವೇ.

ಇಂದಿನ ತಾರತಮ್ಯವಾದರೋ ಕ್ರಿಯಾಪದದೊಳಗೆ ಅಡಗಿ ಕುಳಿತಿದೆ. ಮಂತ್ರಿಗಳು ವಿಧಿವಶರಾಗುತ್ತಾರೆ, ಕಲಾವಿದರು ಅಸ್ತಂಗತರಾಗುತ್ತಾರೆ, ಕಟ್ಟಡ ಕುಸಿದಾಗ ಕೂಲಿಯಾಳು ಸಾಯುತ್ತಾನೆ, ಅದೂ ಏಕವಚನದಲ್ಲಿ. ಗುರುತು ಸಿಕ್ಕದವನು ಅಪರಿಚಿತ ಶವವೆಂದು ಪೊಲೀಸರ ಪ್ರಕಟಣೆಯಲ್ಲಿ ನಪುಂಸಕಲಿಂಗವನ್ನೂ ಪಡೆಯುತ್ತಾನೆ. ಇದರೊಡನೆ ಹೋಲಿಸಲು ಹಳೆಯ ಕಲ್ಲೊಂದಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಆ ಕಲ್ಲು ಹತ್ತನೆಯ ಶತಮಾನದ ನಡುಭಾಗದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಹತನಾದ ವಾರ್ತೆಯನ್ನೂ, ಮಣಲೆರನೆಂಬ ವೀರನ ಕಾಳಿಯೆಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಮಡಿದ ವಾರ್ತೆಯನ್ನೂ ಒಂದೇ ಮೈಮೇಲೆ ಹೊತ್ತಿರುವ ಆ ಶಾಸನವು, ಹಂದಿಯೂ ನಾಯಿಯೂ ಜೊತೆಯಲ್ಲಿ ಸತ್ತುವೆಂದು ನೇರವಾಗಿ ಹೇಳಿ, ನಾಯಿಗೆ ಹೆಸರನ್ನು ಉಳಿಸಿ, ಕಲ್ಲನ್ನು ಚಲ್ಲೇಶ್ವರ ದೇಗುಲದ ಮುಂದೆ ನೆಡಿಸಿ ಭೂಮಿಯನ್ನು ದತ್ತಿ ಬಿಟ್ಟದ್ದನ್ನೂ ದಾಖಲಿಸುತ್ತದೆ.