ಮಳಖೇಡದ ಸಾಕ್ಷಿ: ಮನಶ್ಶಾಸ್ತ್ರದ ಎದುರು ಟೀಕಾಚಾರ್ಯರ ದರ್ಶನ

ಚಿತ್ತಾಪುರಕ್ಕೆ ಅಂಟಿಕೊಂಡಂತಿರುವ ನಾಗಾವಿಯಲ್ಲಿ 1058ರ ಒಂದು ಶಾಸನವಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ್ದು. ಅಲ್ಲಿದ್ದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50ರಷ್ಟು ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವವರು, ಪುಸ್ತಕ ಕಾಯುವ 6 ಮಂದಿ ಸರಸ್ವತೀ ಭಂಡಾರಿಗರು, ಇವರೆಲ್ಲರ ಜೀವನಕ್ಕೆ ದತ್ತಿ ಬಿಟ್ಟ ವಿವರ ಅದರಲ್ಲಿದೆ. ನಮ್ಮ ಕಲಬುರಗಿ ಭಾಗದವರು ಹೆಮ್ಮೆಯಿಂದ ಹೇಳಿಕೊಳ್ಳುವುದು ಆ ಗ್ರಂಥಾಲಯದ ಸಂಗತಿ. ಈ ಲೇಖನಕ್ಕೆ ಬೇಕಾದದ್ದು ಅಲ್ಲಿಯ ಪಾಠಪಟ್ಟಿ. ಅದರಲ್ಲಿ ಭಟ್ಟದರ್ಶನವೂ ಇದೆ, ಪ್ರಾಭಾಕರವೂ ಇದೆ. ಒಂದನ್ನೊಂದು ಒಪ್ಪದ ಎರಡು ಪಂಗಡಗಳಿಗೆ ಒಂದೇ ಸೂರಿನಡಿ, ಒಂದೇ ದತ್ತಿಯಲ್ಲಿ ಅನ್ನ ಸಿಗುತ್ತಿತ್ತು.

ಭಾಟ್ಟ, ಪ್ರಾಭಾಕರ ಎಂಬ ಈ ಎರಡು ಮೀಮಾಂಸಾ ಪಂಗಡಗಳ ಜಗಳದಲ್ಲಿ ಒಂದು ಪ್ರಶ್ನೆ ಇಂದಿನ ಮನಶ್ಶಾಸ್ತ್ರದ ಬುಡಕ್ಕೇ ಕೈಹಾಕುವಂಥದ್ದು. ಎದುರಿಗೆ ಕೊಡವಿದೆ, ಅದು ಕೊಡವೆಂದು ನನಗೆ ತಿಳಿಯಿತು. ಸರಿ, ಹಾಗೆ ತಿಳಿಯಿತೆಂಬುದು ನನಗೆ ಹೇಗೆ ತಿಳಿಯಿತು? ಭಾಟ್ಟರ ಪ್ರಕಾರ ತಿಳಿವು ನೇರವಾಗಿ ಕಾಣುವುದಿಲ್ಲ. ಕೊಡಕ್ಕೆ ಬಂದ 'ಜ್ಞಾತತೆ'ಯಿಂದ, ಅಂದರೆ ತಿಳಿಯಲ್ಪಟ್ಟದ್ದೆಂಬ ಗುಣದಿಂದ, ಅದನ್ನು ಊಹಿಸಿಕೊಳ್ಳುತ್ತೇವೆ. ಪ್ರಾಭಾಕರರ ಪ್ರಕಾರ ಪ್ರತಿಯೊಂದು ತಿಳಿವೂ ವಸ್ತುವನ್ನು, ತನ್ನನ್ನು, ತಿಳಿಯುವವನನ್ನು ಒಂದೇ ಸಲ ಬೆಳಗಿಸುತ್ತದೆ. ನೈಯಾಯಿಕರು ಮೂರನೆಯ ಮಾತು ಹೇಳಿದರು: ಮೊದಲ ತಿಳಿವನ್ನು ಎರಡನೆಯ ತಿಳಿವೊಂದು ಹಿಡಿಯುತ್ತದೆ. ಅಮೆರಿಕದ ತತ್ತ್ವಜ್ಞಾನಿ ವಿಲ್‌ಫ್ರಿಡ್ ಸೆಲರ್ಸ್ 1956ರಲ್ಲಿ ಒಳಗಿನ ವಿಚಾರಗಳನ್ನೂ ಒಂದು ಬಗೆಯ ಊಹೆಯಾಗಿ ಅರ್ಥಮಾಡಿಕೊಳ್ಳಬಹುದೆಂದಾಗ ಭಾಟ್ಟರ ಪಕ್ಕ ಬಂದು ನಿಂತರು. ತತ್ತ್ವಜ್ಞಾನಿ ಹುಸರ್ಲ್ ಶಾಲೆಯವರು ಪ್ರಾಭಾಕರರ ನೆರೆಯವರು. ಅರಿವಿನ ಮೇಲೊಂದು ಅರಿವು ಬೇಕೆನ್ನುವ ಡೇವಿಡ್ ರೋಸೆಂತಾಲ್ ನ್ಯಾಯದ ಕಡೆಯವರು. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಆದರೆ ಪ್ರಶ್ನೆ ಅದೇ.

ಈ ಮೂರೂ ಉತ್ತರ ಸಾಲವೆಂದ ದ್ವೈತ ದರ್ಶನ ಇದೇ ಸೀಮೆಯಲ್ಲಿ ನೆಲೆಯೂರಿತು. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕಾಗಿಣಾ ದಂಡೆಯ ಉತ್ತರಾದಿ ಮಠದಲ್ಲಿ ಅಕ್ಷೋಭ್ಯತೀರ್ಥರ ಬೃಂದಾವನವಿದೆ. ಅವರ ಶಿಷ್ಯ ಜಯತೀರ್ಥರ ಬೃಂದಾವನವೂ ಇಲ್ಲಿಯದೇ ಎಂದು ಆ ಮಠದ ಪರಂಪರೆ ಆರಾಧಿಸುತ್ತದೆ. ಮೂಲ ಬೃಂದಾವನ ಆನೆಗೊಂದಿಯ ಬಳಿ ಎನ್ನುವವರೂ ಇದ್ದಾರೆ. ಆ ವ್ಯಾಜ್ಯ ನಮಗೆ ಬೇಡ. ಹದಿನಾಲ್ಕನೆಯ ಶತಮಾನದ ಜಯತೀರ್ಥರು ಮಧ್ವಾಚಾರ್ಯರ ಬಿಗಿಯಾದ, ಚುಟುಕಾದ ಮಾತುಗಳನ್ನು 'ನ್ಯಾಯಸುಧಾ', 'ಪ್ರಮಾಣಪದ್ಧತಿ'ಗಳಲ್ಲಿ ಬಿಡಿಸಿ, ಎದುರಾಳಿಯ ಮುಂದೆ ನಿಲ್ಲುವ ವಾದವನ್ನಾಗಿ ಮಾಡಿದರು. ಮಠದವರ ಬಾಯಲ್ಲಿ ಅವರು ಇಂದಿಗೂ ಟೀಕಾಚಾರ್ಯರು, ಟೀಕಾರಾಯರು.

ಪ್ರಮಾಣಪದ್ಧತಿ ಸಣ್ಣ ಪುಸ್ತಕ. ಅದರಲ್ಲಿ ಪ್ರತ್ಯಕ್ಷಕ್ಕೆ ಏಳು ಇಂದ್ರಿಯಗಳು. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂಬ ಐದರ ಜತೆಗೆ ಆರನೆಯದು ಮನಸ್ಸು, ಏಳನೆಯದು ಸಾಕ್ಷಿ. ಮನಸ್ಸು ಜಡ. ಅದೊಂದು ಸಲಕರಣೆ, ಕೆಡಬಹುದು, ಮಬ್ಬಾಗಬಹುದು, ತಪ್ಪು ತೋರಿಸಬಹುದು. ಸಾಕ್ಷಿ ಹಾಗಲ್ಲ. ಅದು ಜೀವದ ಸ್ವರೂಪವೇ ಆಗಿರುವ ಇಂದ್ರಿಯ. ನಾನು ಎಂಬುದು, ಸುಖದುಃಖ, ಮನಸ್ಸಿನಲ್ಲಿ ಹುಟ್ಟಿದ ತಿಳಿವು, ಕಾಲ, ಅವಕಾಶ ಎಲ್ಲ ಅದಕ್ಕೆ ನೇರ ಗೋಚರ. ತನ್ನ ವಿಷಯದಲ್ಲಿ ಅದು ತಪ್ಪುವುದಿಲ್ಲ. ತಿಳಿವಿನ ಸತ್ಯವನ್ನು ಹಿಡಿಯುವುದೂ ಅದೇ. ಸಂಶಯ ಬಂದಾಗ ಪರೀಕ್ಷೆ ಬೇಕು, ಆದರೆ ಪರೀಕ್ಷೆಗೂ ಪರೀಕ್ಷೆ ಎಂದು ಹೊರಟರೆ ಕೊನೆಯೇ ಇಲ್ಲ. ಎಲ್ಲೋ ಒಂದು ಕಡೆ ತೀರ್ಪು ನಿಲ್ಲಬೇಕು, ಅದು ಸಾಕ್ಷಿಯಲ್ಲಿ ನಿಲ್ಲುತ್ತದೆ.

ಈ ವಿಂಗಡಣೆಯೇ ದ್ವೈತದ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ. ಮನಸ್ಸನ್ನೇ ಆತ್ಮವೆಂದುಕೊಂಡರೆ ಅದರ ಲೋಪಗಳನ್ನು ಅಧ್ಯಯನ ಮಾಡಲು ಸಂಕೋಚ. ಮನಸ್ಸನ್ನು ಕಣ್ಣಿನ ಸಾಲಿಗೆ ಸೇರಿಸಿದ ಮೇಲೆ ಆ ಸಂಕೋಚವಿಲ್ಲ. ಕನಸಿನ ಬಗ್ಗೆ ಈ ದರ್ಶನ ಹೇಳುವುದನ್ನೇ ನೋಡಿ. ಕನಸಿನ ಆನೆ ಸುಳ್ಳಲ್ಲ, ಅದು ಮನಸ್ಸಿನಲ್ಲಿ ಉಳಿದ ವಾಸನೆಗಳನ್ನೇ ಸಾಮಗ್ರಿಯಾಗಿಸಿಕೊಂಡು ಈಶ್ವರ ಮಾಡಿದ್ದು. ಅದನ್ನು ಎಚ್ಚರದ ಆನೆ ಎಂದುಕೊಳ್ಳುವುದಷ್ಟೇ ತಪ್ಪು. ಈಶ್ವರನ ಮಾತನ್ನು ಬದಿಗಿಟ್ಟರೆ, ಹಳೆಯ ಅನುಭವದ ಚೂರುಗಳಿಂದ ಕನಸು ಕಟ್ಟಲ್ಪಡುತ್ತದೆ ಎಂಬ ಇಂದಿನ ನಿದ್ರಾವಿಜ್ಞಾನಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ನೆನಪಿನ ವಿಷಯದಲ್ಲಿ ದ್ವೈತ ಇನ್ನೂ ಧೈರ್ಯದ ನಿಲುವು ತಳೆಯಿತು. ಬಹುಪಾಲು ದರ್ಶನಗಳು ನೆನಪನ್ನು ಪ್ರಮಾಣಗಳ ಸಾಲಿನಿಂದ ಹೊರಗಿಟ್ಟವು, ಅದು ಹಳೆಯದನ್ನೇ ಮತ್ತೆ ಹೇಳುತ್ತದೆಂಬ ಕಾರಣಕ್ಕೆ. ಮಧ್ವರೂ ಜಯತೀರ್ಥರೂ ಅದನ್ನು ಒಳಗೆ ತಂದರು. ಸಂಸ್ಕಾರದ ಮೂಲಕ ಮನಸ್ಸು ಕಳೆದುಹೋದದ್ದನ್ನು ಮುಟ್ಟುತ್ತದೆ, ಆದ್ದರಿಂದ ನೆನಪು ಮಾನಸ ಪ್ರತ್ಯಕ್ಷ. ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರೆ ಅದೂ ಪ್ರಮಾಣ. ಜಯತೀರ್ಥರ ಕಥೆಯೇ ನೆನಪಿನ ಕಥೆ. ಕುದುರೆಯ ಮೇಲಿಂದಲೇ ನದಿಗೆ ಬಾಯಿ ಹಾಕಿ ನೀರು ಕುಡಿದ ಸಾಹುಕಾರರ ಮಗನನ್ನು ಅಕ್ಷೋಭ್ಯತೀರ್ಥರು ಕೇಳಿದ ಒಂದು ಮಾತಿಗೆ, ಹಿಂದಿನ ಜನ್ಮದಲ್ಲಿ ಮಧ್ವರ ಪುಸ್ತಕ ಹೊತ್ತ ಎತ್ತು ತಾನೆಂಬುದು ಅವನಿಗೆ ನೆನಪಾಯಿತಂತೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನೆನಪಿಗೆ ಇಷ್ಟು ಮರ್ಯಾದೆ ಕೊಟ್ಟ ದರ್ಶನಕ್ಕೆ ಒಪ್ಪುವ ಕಥೆಯಂತೂ ಹೌದು.

ಪ್ರಯೋಗಾಲಯದಲ್ಲಿ ನೆನಪಿನ ಮರ್ಯಾದೆ ಉಳಿಯಲಿಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು 'ತಾಗಿದಾಗ' ವೇಗ ಎಷ್ಟಿತ್ತು ಎಂದು ಕೆಲವರಿಗೆ, 'ಅಪ್ಪಳಿಸಿದಾಗ' ಎಷ್ಟಿತ್ತು ಎಂದು ಬೇರೆ ಕೆಲವರಿಗೆ ಕೇಳಿದರು. ಎರಡನೆಯ ಗುಂಪಿನವರು ಹೆಚ್ಚು ವೇಗ ಹೇಳಿದರು. ವಾರದ ನಂತರ ಕೇಳಿದಾಗ, ಇಲ್ಲದ ಒಡೆದ ಗಾಜನ್ನು ಕಂಡೆವೆಂದವರೂ ಅವರಲ್ಲೇ ಹೆಚ್ಚು. ದ್ವೈತದ ಪಂಡಿತರ ಉತ್ತರ ಸಿದ್ಧವಿದೆ: ತಪ್ಪಿದ್ದು ಮನಸ್ಸು, ಅದು ತಪ್ಪಬಹುದೆಂದು ನಾವು ಮೊದಲೇ ಹೇಳಿದ್ದೇವೆ. ಒಪ್ಪೋಣ. ಆದರೆ ಹಾಗೆ ತಪ್ಪಿದವನಿಗೆ ತನ್ನ ನೆನಪು ಸರಿಯೆಂಬ ನಿಶ್ಚಯವೂ ಇತ್ತಲ್ಲ? ಆ ನಿಶ್ಚಯ ಸಾಕ್ಷಿಯದೋ, ಮನಸ್ಸಿನದೋ?

ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದೇ ಪ್ರಶ್ನೆಯನ್ನು ಬಿಗಿಗೊಳಿಸುವ ಒಂದು ಪ್ರಯೋಗವಿದೆ. ಒಂದೇ ತೆರನ ನಾಲ್ಕು ಜತೆ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಎಂದು ಅಂಗಡಿಗೆ ಬಂದವರನ್ನು ಕೇಳಿದರು. ಬಲಗಡೆಯ ಕೊನೆಯದನ್ನು ಆರಿಸಿದವರೇ ಹೆಚ್ಚು. ಯಾಕೆಂದು ಕೇಳಿದರೆ ನೇಯ್ಗೆ, ನಯ ಎಂದರು. ಇಟ್ಟ ಜಾಗದಿಂದಾಗಿ ಎಂದು ಯಾರೂ ಹೇಳಲಿಲ್ಲ. ಇಲ್ಲಿ ದ್ವೈತಕ್ಕೆ ಒಂದು ಒಳ್ಳೆಯ ಉತ್ತರವಿದೆ, ಅದನ್ನು ಪಂಡಿತರು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. 'ಇದು ನನಗೆ ಹಿಡಿಸಿತು' ಎಂಬುದು ಸಾಕ್ಷಿಯ ವಿಷಯ, ಅದು ಸುಳ್ಳಾಗಲಿಲ್ಲ. 'ಇಂಥ ಕಾರಣಕ್ಕೆ ಹಿಡಿಸಿತು' ಎಂಬುದು ಅನುಮಾನ, ಮನಸ್ಸಿನ ಕೆಲಸ, ಅದು ಸುಳ್ಳಾಯಿತು. ನನಗೇನಾಗುತ್ತಿದೆ ಎಂಬುದರಲ್ಲಿ ನನ್ನ ಮಾತೇ ಕೊನೆ. ಯಾಕಾಗುತ್ತಿದೆ ಎಂಬುದರಲ್ಲಿ ನಾನೂ ಹೊರಗಿನವನೇ. ಇಂದಿನ ಸಂಶೋಧಕರೂ ಬಹುಮಟ್ಟಿಗೆ ಇದೇ ಗೆರೆಯನ್ನು ಎಳೆಯುತ್ತಾರೆ.

ಮನಸ್ಸು ಮತ್ತು ಸಾಕ್ಷಿಯ ನಡುವಿನ ಈ ಗೆರೆ ಸರಿಯಾದ ಜಾಗದಲ್ಲಿದೆ. ನನ್ನ ತಕರಾರು ಆ ಗೆರೆಯನ್ನು ಕಾಯುವ ರೀತಿಯ ಬಗ್ಗೆ. ತಪ್ಪು ಸಿಕ್ಕಾಗಲೆಲ್ಲ ಅದು ಮನಸ್ಸಿನ ಖಾತೆಗೆ, ಸರಿಯಾದದ್ದೆಲ್ಲ ಸಾಕ್ಷಿಯ ಖಾತೆಗೆ ಜಮೆಯಾದರೆ ಸಾಕ್ಷಿ ಎಂದಿಗೂ ಸೋಲುವುದಿಲ್ಲ. ಎಂದಿಗೂ ಸೋಲದ ಸಿದ್ಧಾಂತ ಯಾವ ಸಂಗತಿಯಿಂದಲೂ ಕಲಿಯುವುದೂ ಇಲ್ಲ. ಪರೀಕ್ಷೆಗೆ ಒಡ್ಡಬಹುದಾದ ಜಾಗ ಒಂದಿದೆ: ಕಾಲ. ಗಾಢನಿದ್ರೆಯಿಂದ ಎದ್ದವನು 'ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ' ಎನ್ನುತ್ತಾನೆ. ಇಂದ್ರಿಯಗಳೂ ಮನಸ್ಸೂ ಸುಮ್ಮನಿದ್ದಾಗ ಕಾಲವನ್ನು, ಸುಖವನ್ನು ಕಂಡದ್ದು ಸಾಕ್ಷಿಯೇ ಎಂಬುದು ದ್ವೈತದ ಮುಖ್ಯ ವಾದಗಳಲ್ಲೊಂದು. ಆದರೆ ಪೂರ್ಣ ಅರಿವಳಿಕೆ ಪಡೆದು ಆಪರೇಷನ್ ಮಾಡಿಸಿಕೊಂಡವರನ್ನು ಕೇಳಿ ನೋಡಿ. ಈಗ ತಾನೇ ಕಣ್ಣು ಮುಚ್ಚಿದ್ದೆ, ಅಷ್ಟರಲ್ಲಿ ಮುಗಿಯಿತಾ ಎಂದು ಕೇಳುವವರು ಬಹಳ. ನಡುವಿನ ಮೂರು ತಾಸು ಅವರ ಪಾಲಿಗೆ ಇಲ್ಲವೇ ಇಲ್ಲ. ಸಾಕ್ಷಿ ಎಂದೂ ಮಲಗುವುದಿಲ್ಲ ಎನ್ನುವುದಾದರೆ ಆ ಮೂರು ತಾಸನ್ನು ಅದು ಕಂಡಿರಬೇಕು. ಕಂಡಿತ್ತು, ಹೇಳಬೇಕಾದ ಮನಸ್ಸಿಗೆ ನೆನಪು ಉಳಿಯಲಿಲ್ಲ ಎಂದರೆ, ಅದೇ ಮಾತು ನಿದ್ರೆಯ ವಾದವನ್ನೂ ಸಡಿಲಿಸುತ್ತದೆ. ಎದ್ದವನ ಮಾತನ್ನು ಅಲ್ಲಿ ಒಪ್ಪಿ ಇಲ್ಲಿ ಬಿಡುವುದು ನ್ಯಾಯವಲ್ಲ.

ಇನ್ನೊಂದು ತಕರಾರು ಭೀಮೆಯ ದಂಡೆಯಿಂದ ಬರುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಅದರ ಪಕ್ಕದ ಕನಗನಹಳ್ಳಿಯ ಸ್ತೂಪ, ಅಲ್ಲಿಯ 'ರಾಯೋ ಅಸೋಕೋ' ಎಂದು ಕೆತ್ತಿದ ಫಲಕ ಈಗ ಎಲ್ಲರಿಗೂ ಗೊತ್ತು. ಆ ಬೌದ್ಧರಿಗೆ ಅನುಭವಗಳ ಹಿಂದೆ ನಿಂತು ನೋಡುವ ಒಬ್ಬ ಶಾಶ್ವತ ನೋಟಕನಿಲ್ಲ. ಮುಂದೆ ದಿಙ್ನಾಗ ಇದನ್ನು ತರ್ಕಕ್ಕೆ ತಂದ: ಪ್ರತಿಯೊಂದು ತಿಳಿವೂ ತನ್ನನ್ನು ತಾನೇ ಅರಿಯುತ್ತದೆ, ಅದಕ್ಕೆ ಬೇರೆ ಸಾಕ್ಷಿ ಬೇಡ. ದ್ವೈತದ ಮರುಮಾತು ಗುರುತಿಸುವಿಕೆಯದು: ನಿನ್ನೆ ಕಂಡವನೇ ಇಂದು ಕಾಣುತ್ತಿದ್ದೇನೆ, ಆದ್ದರಿಂದ ನಾನು ಒಬ್ಬನೇ. ಈ ವಾದ ಇಡಿಯಾಗಿ ನಿಂತಿರುವುದು ನೆನಪಿನ ಮೇಲೆ. 1953ರ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪು ಕೂಡಿಡಲಾಗದೆ ಹೋದ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ ರೋಗಿ ಈ ಜಗಳದ ಎರಡೂ ಕಡೆಗೆ ಪೆಟ್ಟು ಕೊಡುತ್ತಾರೆ. ನಿನ್ನೆಯದನ್ನು ಇಂದಿಗೆ ಜೋಡಿಸಲು ಅವರಿಗೆ ಆಗುತ್ತಿರಲಿಲ್ಲ, ಆದರೂ 'ನಾನು' ಎಂದು ಮಾತಾಡುವ, ನಗುವ, ಬೇಸರಪಡುವ ವ್ಯಕ್ತಿಯಾಗಿ ಕೊನೆಯವರೆಗೂ ಉಳಿದರು. 'ನಾನು' ಎಂಬುದಕ್ಕೆ ಗುರುತಿಸುವಿಕೆ ಆಧಾರವಲ್ಲವೆಂದಾಯಿತು. ನೆನಪು ಹೋದರೆ ವ್ಯಕ್ತಿಯೂ ಹೋದ ಎನ್ನುವವರೂ ಸೋತಂತಾಯಿತು. ಮಳಖೇಡವೂ ಸನ್ನತಿಯೂ ತಮ್ಮ ಸೂತ್ರಗಳನ್ನು ಮತ್ತೆ ನೋಡಿಕೊಳ್ಳಬೇಕು.

ಇಷ್ಟಾದರೂ ಈ ದರ್ಶನ ಬಿಡಲಾರದ್ದು ಒಂದಿದೆ: ನೋವು. ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವನು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆಗೆ ದುಡಿಯುವವನು, ಚಿಂಚೋಳಿಯ ಕಡೆ ತೊಗರಿ ಹೊಲದಲ್ಲಿ ಬಗ್ಗಿ ಬೆನ್ನು ಹಿಡಿದುಕೊಂಡವಳು ವೈದ್ಯರ ಮುಂದೆ ಕೂತು 'ಭಾಳ ಬ್ಯಾನಿ ಆಗ್ಯಾದ್ರಿ' ಎನ್ನುತ್ತಾರೆ. ಎಕ್ಸರೇದಲ್ಲಿ ಏನೂ ಕಾಣದಿದ್ದರೆ ಆ ಮಾತಿಗೆ ಬೆಲೆ ಇಳಿಯುತ್ತದೆ. ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋಯುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಅದರ ಟಿಪ್ಪಣಿಯಲ್ಲೇ ಸೇರಿಸಿತು. ನೋವಿನ ಕಾರಣ ವೈದ್ಯರಿಗೆ ಬಿಟ್ಟದ್ದು, ನೋವು ಇದೆಯೋ ಇಲ್ಲವೋ ಎಂಬ ತೀರ್ಪು ನೋಯುವವರದು. ಸುಖದುಃಖ ಸಾಕ್ಷಿಗೇ ಗೋಚರ ಎಂದ ಜಯತೀರ್ಥರಿಂದ ಈ ಮಾತು ತಾನಾಗಿ ಹೊರಡುತ್ತದೆ. ಆದರೆ ನಮ್ಮ ಪಂಡಿತರು ಸಾಕ್ಷಿಯನ್ನು ಹೆಚ್ಚಾಗಿ ದುಡಿಸಿಕೊಂಡದ್ದು ಜಗತ್ತು ಸತ್ಯವೆಂದು ಅದ್ವೈತಿಗಳ ಎದುರು ಸಾಧಿಸಲು. ದುಡಿಯುವವನ ಬೆನ್ನುನೋವಿನ ತನಕ ಅದನ್ನು ಯಾರೂ ತರಲಿಲ್ಲ.

ಮಠಗಳಲ್ಲಿ ಇಂದಿಗೂ ನ್ಯಾಯಸುಧೆಯ ಪಾಠ ನಡೆಯುತ್ತದೆ, ವರ್ಷಗಟ್ಟಲೆ ಓದಿ ಮುಗಿಸಿದವರಿಗೆ ಸುಧಾಮಂಗಳವೆಂಬ ಸಮಾರೋಪವಾಗುತ್ತದೆ. ಆಷಾಢ ಬಹುಳ ಪಂಚಮಿಯ ಜಯತೀರ್ಥರ ಆರಾಧನೆಗೆ ಮಳಖೇಡದಲ್ಲಿ ಜನ ಸೇರುತ್ತಾರೆ. ಪಠ್ಯವನ್ನು ಆರು ಶತಮಾನಕ್ಕೂ ಹೆಚ್ಚು ಕಾಲ ಕಾದದ್ದು ಸಣ್ಣ ಕೆಲಸವಲ್ಲ. ಆದರೆ ಅಲ್ಲಿ ಪೂರ್ವಪಕ್ಷ, ಅಂದರೆ ಉತ್ತರ ಕೊಡಬೇಕಾದ ಎದುರಾಳಿಯ ವಾದ, ಇನ್ನೂ ಭಾಟ್ಟರದು, ಬೌದ್ಧರದು, ಶಂಕರರದು. ಲಾಫ್ಟಸ್, ನಿಸ್ಬೆಟ್ ಆ ಸಾಲಿಗೆ ಸೇರಿಲ್ಲ. ಇತ್ತ ಮನಶ್ಶಾಸ್ತ್ರದ ತರಗತಿಗಳಲ್ಲಿ ವುಂಟ್‌ನ 1879ರ ಲೈಪ್‌ಜಿಗ್ ಪ್ರಯೋಗಾಲಯದಿಂದ ಪಾಠ ಶುರುವಾಗುತ್ತದೆ. ಪ್ರಮಾಣಪದ್ಧತಿಯ ಹೆಸರೂ ಬರುವುದಿಲ್ಲ. ಎರಡು ಕಡೆಯವರೂ ಒಬ್ಬರನ್ನೊಬ್ಬರು ಪೂರ್ವಪಕ್ಷವಾಗಿ ತೆಗೆದುಕೊಳ್ಳುವಷ್ಟು ಗೌರವ ಕೊಟ್ಟಿಲ್ಲ.

ಹೀಗಾಗಿ ನನ್ನ ತೀರ್ಮಾನ ಇಷ್ಟು. ಮನಸ್ಸನ್ನು ಸಲಕರಣೆಯೆಂದೂ ಅನುಭವವನ್ನು ಅದರ ಒಡೆಯನ ಸ್ವತ್ತೆಂದೂ ಬೇರೆ ಮಾಡಿದ್ದರಲ್ಲಿ ಜಯತೀರ್ಥರು ಗೆದ್ದಿದ್ದಾರೆ. ಸಾಕ್ಷಿ ಎಲ್ಲೆಲ್ಲಿ ತಪ್ಪಬಹುದೆಂದು ಮೊದಲೇ ಹೇಳಿ ಪಣಕ್ಕಿಡದೆ ಅವರ ಪರಂಪರೆ ಹಿಂದೆ ಬಿದ್ದಿದೆ. ಕಾಲದ ವಿಷಯದಲ್ಲಿ ಅದು ತನ್ನ ಹಕ್ಕನ್ನು ಬಿಟ್ಟುಕೊಡುವುದು ಒಳ್ಳೆಯದು. ನೋವಿನ ವಿಷಯದಲ್ಲಿ ಒಂದಿಂಚೂ ಬಿಡಬಾರದು. ಕಲಬುರಗಿಯ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರದ ಅಧ್ಯಾಪಕರೂ ಸುಧಾ ಓದಿದ ಪಂಡಿತರೂ ವರ್ಷಕ್ಕೊಮ್ಮೆಯಾದರೂ ಕೂತು, ಒಂದೇ ಪ್ರಶ್ನೆಯನ್ನು ಎರಡು ಕಡೆಯಿಂದ ಕನ್ನಡದಲ್ಲಿ ಚರ್ಚಿಸಲಿ. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಎದುರಾಳಿಯ ಪುಸ್ತಕವನ್ನು ಪೂರ್ತಿ ಓದಿ ಬರುವ ಶಿಸ್ತು ಇದ್ದರೆ ಸಾಕು.