ತೆರೆಯ ಮೇಲಿನ ಜೋಗತಿ: ಎರಡು ಚಲನಚಿತ್ರಗಳು ಹಾಗೂ ತುಂಗಭದ್ರೆಯ ದಡದ ಒಂದು ಪರಂಪರೆ

ಹಂಪಿಯ ನೆಲ ಸಿನಿಮಾಕ್ಕೆ ಹೊಸದಲ್ಲ. ‘ಶ್ರೀ ಕೃಷ್ಣದೇವರಾಯ’ (1970) ಚಿತ್ರದ ಸಾಮ್ರಾಜ್ಯ ವೈಭವದಿಂದ ಹಿಡಿದು ಜಾಕಿ ಚಾನ್ ನಟಿಸಿದ ‘ದಿ ಮಿತ್’ (2005) ಚಿತ್ರದ ಸಾಹಸದವರೆಗೆ ಈ ಪ್ರದೇಶ ತೆರೆಗೆ ಒದಗಿರುವುದು ಗತವೈಭವದ ಹೆಸರಾಗಿ, ಇಲ್ಲವೆ ಕಲ್ಲಿನ ಹಿನ್ನೆಲೆಯಾಗಿ. ಆ ಕಲ್ಲುಗಳ ಆಸುಪಾಸಿನಲ್ಲಿ, ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಬದುಕುತ್ತಿರುವ ಸಮುದಾಯಗಳಿಗೆ ತೆರೆಯ ಮೇಲೆ ದೊರೆತಿರುವ ಸ್ಥಳ ತೀರ ಕಿರಿದು. ಲಂಬಾಣಿಯರ ಕಸೂತಿಯ ಉಡುಗೆ ನೃತ್ಯದ ವೇಷವಾಗಿ ಬರುತ್ತದೆ. ಉಟ್ಟವರ ಬದುಕು ಬರುವುದಿಲ್ಲ. ಇಂಥ ಹಲವು ಸಮುದಾಯಗಳ ಪೈಕಿ ಜೋಗತಿಯರನ್ನು ಮಾತ್ರ ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ. ಇವರದು ಸ್ವಲ್ಪ ಬೇರೆ ಬಗೆಯ ಸಂಗತಿ. ಇವರ ಬದುಕಿಗೆ ಹತ್ತಿರವಾದ ವಸ್ತುವನ್ನು ಗಂಭೀರವಾಗಿಯೇ ಎತ್ತಿಕೊಂಡ ಎರಡು ಚಿತ್ರಗಳು ರಾಷ್ಟ್ರಮಟ್ಟದ ಮನ್ನಣೆ ಪಡೆದಿವೆ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಕಡೆಗಣನೆಯದಲ್ಲ, ಕಂಡ ಬಗೆಯದು.

ಹೊಸಪೇಟೆಯಿಂದ ಹೊಳೆ ದಾಟಿದರೆ ಮುನಿರಾಬಾದಿನ ಮಗ್ಗುಲಲ್ಲಿ ಹುಲಿಗಿ. ಸವದತ್ತಿಯ ಎಲ್ಲಮ್ಮನ ಗುಡ್ಡದಂತೆಯೇ ಹುಲಿಗೆಮ್ಮನ ಈ ಸನ್ನಿಧಿಯೂ ಜೋಗತಿಯರ ಲೋಕದ ಒಂದು ಕೇಂದ್ರ. ಕೊರಳಲ್ಲಿ ಮುತ್ತು, ಹಣೆಯಲ್ಲಿ ಭಂಡಾರ, ತಲೆಯ ಮೇಲೆ ಪಡಲಗಿ ಇಲ್ಲವೆ ಕೊಡ, ಜೊತೆಗೆ ಚೌಡಿಕೆಯ ನಾದ: ಜಾತ್ರೆಯಲ್ಲಿ ಇವರನ್ನು ಗುರುತಿಸಲು ಯಾರೂ ಹೇಳಿಕೊಡಬೇಕಾಗಿಲ್ಲ. ಗಂಡಾಗಿ ಹುಟ್ಟಿ ಹೆಣ್ಣಿನ ನಡೆಯನ್ನು ತೋರಿದವರ ಮೈಮೇಲೆ ಎಲ್ಲಮ್ಮ ಬಂದಿದ್ದಾಳೆಂದು ನಂಬಿ ಮುತ್ತು ಕಟ್ಟಿಸುವ ಪದ್ಧತಿ ಇಲ್ಲಿದೆ. ಅನಂತರ ಅವರು ಸೀರೆ ಉಡುತ್ತಾರೆ, ಹೆಸರು ಬದಲಿಸಿಕೊಳ್ಳುತ್ತಾರೆ, ಜೋಗ ಬೇಡುತ್ತಾರೆ, ದೇವಿಯ ಕಥೆಯನ್ನು ಹಾಡುತ್ತಾರೆ. ಕೆಲವೆಡೆ ಜೋಗಪ್ಪ ಎಂದೂ ಕೆಲವೆಡೆ ಜೋಗತಿ ಎಂದೂ ಕರೆಯುವುದುಂಟು. ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟು ಬಸವಿಯರನ್ನಾಗಿ ಮಾಡುತ್ತಿದ್ದ ಪದ್ಧತಿ ಇದಕ್ಕೆ ನೆರೆಯದು. ಆದರೆ ಅದೇ ಇದಲ್ಲ. ಈ ಎರಡನ್ನೂ ಒಂದೇ ಎಂದು ಬಗೆಯುವುದರಿಂದ ಚರ್ಚೆ ಎಷ್ಟೋ ಸಲ ದಾರಿ ತಪ್ಪಿದೆ.

ರಾಜೀವ್ ಪಾಟೀಲರ ಮರಾಠಿ ಚಿತ್ರ ‘ಜೋಗ್ವಾ’ (2009) ರಾಜನ್ ಗವಸ್ ಅವರ ಬರಹವನ್ನು ಆಧರಿಸಿದ್ದು. ಎಲ್ಲಮ್ಮನ ಆರಾಧನೆ ಹಬ್ಬಿರುವ ಗಡಿಸೀಮೆ ಅದರ ಭೂಮಿಕೆ. ದೇಹದ ಒಂದು ಕಾಯಿಲೆಯನ್ನು ದೇವಿಯ ಕರೆಯೆಂದು ತಿಳಿದು ತಾಯಪ್ಪನೆಂಬ ತರುಣನಿಗೆ ಸೀರೆ ಉಡಿಸಲಾಗುತ್ತದೆ. ಕೂದಲು ಜಡೆಗಟ್ಟಿತೆಂಬ ಕಾರಣಕ್ಕೆ ಸೂಲಿಯೆಂಬ ಹುಡುಗಿಯನ್ನು ದೇವಿಗೆ ಬಿಡಲಾಗುತ್ತದೆ. ಇವರಿಬ್ಬರ ನಡುವೆ ಪ್ರೇಮ ಮೂಡಿ, ಪರಂಪರೆಯ ಕಟ್ಟನ್ನು ಹರಿದುಕೊಂಡು ಹೊರಡುವುದರೊಂದಿಗೆ ಕಥೆ ಮುಗಿಯುತ್ತದೆ. ಬಿ.ಎಸ್. ಲಿಂಗದೇವರು ಅವರ ಕನ್ನಡ ಚಿತ್ರ ‘ನಾನು ಅವನಲ್ಲ... ಅವಳು’ (2015) ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಹುಟ್ಟಿದ್ದು. ಹಳ್ಳಿಯ ಮಾದೇಶ ನಗರ ಸೇರಿ, ಹಿಜಡಾ ಸಮುದಾಯದ ಆಸರೆ ಪಡೆದು, ರೈಲುಗಳಲ್ಲಿ ಕೈಚಾಚಿ, ಶಸ್ತ್ರಚಿಕಿತ್ಸೆಯ ಮೂಲಕ ವಿದ್ಯಾ ಆಗುತ್ತಾಳೆ.

ಈ ಎರಡೂ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಅವು ಒಂದನ್ನೊಂದು ಅಲ್ಲಗಳೆಯುವಂತೆ ತೋರುತ್ತವೆ. ‘ಜೋಗ್ವಾ’ದಲ್ಲಿ ಹೆಣ್ಣುಡುಗೆ ಹೊರಗಿನಿಂದ ಹೇರಿದ್ದು, ಕಳಚಿದರೆ ಬಿಡುಗಡೆ. ಲಿಂಗದೇವರು ಅವರ ಚಿತ್ರದಲ್ಲಿ ಅದು ಒಳಗಿನಿಂದ ಬಂದದ್ದು, ತೊಟ್ಟರೆ ಬಿಡುಗಡೆ. ಮೊದಲನೆಯದು ತಾಯಪ್ಪನನ್ನು ಹೆಣ್ಣಿನ ಪ್ರೇಮದ ಮೂಲಕ ಮತ್ತೆ ಗಂಡಾಗಿಸಿ ನೆಮ್ಮದಿಯ ಉಸಿರು ಬಿಡುತ್ತದೆ. ಮುತ್ತು ಕಟ್ಟಿಸಿಕೊಂಡವರಲ್ಲಿ ಸೀರೆಯನ್ನು ತಾವಾಗಿ ಬಯಸಿದವರೂ ಇರಬಹುದೆಂಬ ಎಣಿಕೆಗೆ ಅದರ ಕಥಾಸಂವಿಧಾನ ಎಡೆಗೊಡುವುದಿಲ್ಲ. ಎರಡನೆಯದು ಆ ಬಯಕೆಯನ್ನು ಒಪ್ಪುತ್ತದೆ, ಮತ್ತು ಈ ಕಾರಣಕ್ಕಾಗಿ ಕನ್ನಡ ಸಿನಿಮಾದ ಇತಿಹಾಸದಲ್ಲಿ ಅದರ ಸ್ಥಾನ ದೊಡ್ಡದು. ತೃತೀಯ ಲಿಂಗಿಗಳ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2014ರ ಏಪ್ರಿಲ್‌ನಲ್ಲಿ ಎತ್ತಿಹಿಡಿದ ಮರುವರ್ಷವೇ ಇಂಥದೊಂದು ಚಿತ್ರ ಕನ್ನಡದ ಪ್ರೇಕ್ಷಕರ ಮುಂದೆ ಬಂದುದು ಸಣ್ಣ ಸಂಗತಿಯಲ್ಲ. ಅದಕ್ಕೂ ಮೊದಲು ಇಂಥ ಪಾತ್ರಗಳು ಜನಪ್ರಿಯ ಚಿತ್ರಗಳಲ್ಲಿ ಬರುತ್ತಿದ್ದುದು ಬಹುಮಟ್ಟಿಗೆ ನಗೆಯ ಸರಕಾಗಿ. ಆದರೂ ಎರಡು ಚಿತ್ರಗಳು ಒಂದು ಕಡೆ ಕೂಡುತ್ತವೆ. ಎರಡರಲ್ಲೂ ಅಸ್ಮಿತೆ ಎಂಬುದು ದೇಹಕ್ಕೆ ಆಗುವ ಒಂದು ಘಟನೆ: ಒಂದರಲ್ಲಿ ಕಾಯಿಲೆ, ಇನ್ನೊಂದರಲ್ಲಿ ಶಸ್ತ್ರಚಿಕಿತ್ಸೆ. ಅದು ಒಬ್ಬರಿಂದ ಇನ್ನೊಬ್ಬರು ಕಲಿಯುವ ವಿದ್ಯೆಯೂ ಆಗಿರಬಹುದು ಎಂಬುದರ ಮೇಲೆ ಎರಡರ ಒತ್ತೂ ಬೀಳುವುದಿಲ್ಲ.

ಇಲ್ಲಿ ಮಂಜಮ್ಮ ಜೋಗತಿಯವರ ಬದುಕನ್ನು ನೆನೆಯಬೇಕು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರು ಮುತ್ತು ಕಟ್ಟಿಸಿಕೊಂಡು ಮನೆಯಿಂದ ಹೊರಬಿದ್ದವರು; ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು, ಮಕ್ಕಳಿಗೆ ಪಾಠ ಹೇಳಿದರು. ಅವರ ಕಥನದಲ್ಲಿ ತಿರುವು ಬರುವುದು ಆಸ್ಪತ್ರೆಯಲ್ಲಲ್ಲ, ದಾವಣಗೆರೆಯ ಬಸ್ ನಿಲ್ದಾಣದ ಬಳಿ. ತಂದೆ ಹಾಡುತ್ತಿದ್ದಾನೆ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದಾನೆ. ಅದನ್ನು ಕಂಡು ಕಲಿಯುವ ಆಸೆ ಹುಟ್ಟಿ, ಮುಂದೆ ಹೊಸಪೇಟೆ ತಾಲ್ಲೂಕಿನ ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿಯವರ ತಂಡ ಸೇರಿ, ಗುರುವಿನ ತರುವಾಯ ಆ ತಂಡವನ್ನು ನಡೆಸಿದರು. ಮರಿಯಮ್ಮನಹಳ್ಳಿ ನಾಗರತ್ನಮ್ಮನವರಂಥ ನಟಿಯರ ಊರಿನಲ್ಲಿ ಈ ಕಲಿಕೆ ನಡೆಯಿತೆಂಬುದು ಆಕಸ್ಮಿಕವಲ್ಲ. ಬಣ್ಣ ಹಚ್ಚಿ ಬದುಕುವುದನ್ನು ಬಲ್ಲ ಊರದು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂದಿತು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಓದುವಾಗ ಗುರು, ತಂಡ, ಹಾಡು, ಪ್ರದರ್ಶನ ಇವೇ ಜೋಗತಿತನದ ಒಡಲಾಗಿ ಕಾಣುತ್ತವೆ.

ಹೀಗೆಂದಾಗ ಒಂದು ಆಕ್ಷೇಪ ಏಳುವುದು ಸಹಜ. ಎಲ್ಲಮ್ಮನ ಹೆಸರಿನಲ್ಲಿ ನಡೆದ ಶೋಷಣೆಯನ್ನು ಕಲೆಯ ಸೊಬಗು ಮರೆಮಾಡಬಾರದು. ಕೆಳಜಾತಿಗಳ ಬಡ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಟಿ.ಎಸ್. ರಂಗಾ ಅವರ ಹಿಂದಿ ಚಿತ್ರ ‘ಗಿಧ್’ (1984) ಈ ಪದ್ಧತಿ ಬೊಂಬಾಯಿಯ ವೇಶ್ಯಾಗೃಹಗಳಿಗೆ ಹೆಣ್ಣುಗಳನ್ನು ಒದಗಿಸಿದ ಬಗೆಯನ್ನು ಕಟುವಾಗಿ ತೋರಿತು. ಸೂಲಿಯ ಪಾಲಿಗೆ ‘ಜೋಗ್ವಾ’ ಹೇಳುವ ಮಾತೂ ಸತ್ಯವೇ. ಸೂಲಿಗೆ ಸಲ್ಲುವ ತೀರ್ಪನ್ನು ಹಾಗೆಯೇ ತಾಯಪ್ಪನಿಗೂ ಅನ್ವಯಿಸಿದಲ್ಲಿ ಮಾತ್ರ ತೊಡಕಿದೆ. ಬಾಲ್ಯದಲ್ಲಿ ಬಲವಂತವಾಗಿ ಬಿಡಲ್ಪಟ್ಟವಳಿಗೆ ಮುತ್ತು ಒಂದು ಬಂಧನ. ಮನೆಯವರೇ ಹೊರಹಾಕಿದವನಿಗೆ, ಅಲ್ಲ, ಹೊರಹಾಕಿದವಳಿಗೆ, ಅದೇ ಮುತ್ತು ಊರಿನೊಳಗೆ ಉಳಿಯಲು ದೊರೆತ ಏಕೈಕ ಪರವಾನಗಿಯೂ ಆಗಿದ್ದೀತು. ಆ ಪರವಾನಗಿ ಅಗ್ಗದ್ದಲ್ಲ, ಗೌರವದ್ದೂ ಅಲ್ಲ. ಭಿಕ್ಷೆಯ ಬುಟ್ಟಿಯೊಂದಿಗೆ ಬಂದದ್ದು. ಸಂಶೋಧನೆ ಇದನ್ನೂ ಮರೆಯುವಂತಿಲ್ಲ.

‘ಜೋಗ್ವಾ’ದ ಒಳಗೇ ಇರುವ ಒಂದು ವಿರೋಧಾಭಾಸವನ್ನು ಇಲ್ಲಿ ಗುರುತಿಸಬೇಕು. ಆ ಚಿತ್ರಕ್ಕೆ ಸಂಗೀತ ನೀಡಿದ ಅಜಯ್–ಅತುಲ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಪ್ರೇಕ್ಷಕರ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಅದರ ಹಾಡುಗಳೇ. ಅಂದರೆ ಯಾವ ಲೋಕವನ್ನು ತೊರೆದು ಹೋಗಬೇಕೆಂದು ಕಥೆ ಬಯಸುತ್ತದೆಯೋ ಆ ಲೋಕದ ನಾದದಿಂದಲೇ ಚಿತ್ರ ತನ್ನ ಕಸುವನ್ನು ಪಡೆಯುತ್ತದೆ. ಆ ಹಾಡು ಯಾರ ಕಸುಬು, ಅದನ್ನು ಉಳಿಸಿದವರು ಯಾರು ಎಂಬುದು ಕಥೆಯ ಕಾಳಜಿಯಾಗುವುದಿಲ್ಲ.

ನಟನೆಯ ವಿಷಯವೂ ಇದಕ್ಕೆ ಹೊಂದಿಕೊಂಡದ್ದು. ತಾಯಪ್ಪನ ಪಾತ್ರಕ್ಕೆ ಉಪೇಂದ್ರ ಲಿಮಯೆ, ವಿದ್ಯಾಳ ಪಾತ್ರಕ್ಕೆ ನಮ್ಮ ಸಂಚಾರಿ ವಿಜಯ್, ಇಬ್ಬರೂ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು. 2021ರಲ್ಲಿ ಅಕಾಲಿಕವಾಗಿ ತೀರಿಕೊಂಡ ವಿಜಯ್ ಅವರ ಅಭಿನಯದಲ್ಲಿ ಅಣಕದ ಸೋಂಕೂ ಇಲ್ಲ; ಆ ಮನ್ನಣೆ ಸಲ್ಲಬೇಕಾದದ್ದೇ. ಚಿತ್ರದ ಪ್ರಸಾಧನಕ್ಕೂ ಪ್ರಶಸ್ತಿ ಬಂದಿತು. ಇವೆರಡು ಪ್ರಶಸ್ತಿಗಳೂ ಕೂಡಿ ಹೇಳುವ ಮಾತೊಂದಿದೆ: ಗಂಡೊಬ್ಬ ಹೆಣ್ಣಾಗಿ ಕಾಣುವುದು ಸಿನಿಮಾದ ದೃಷ್ಟಿಯಲ್ಲಿ ಒಂದು ಸಾಧನೆ, ದಾಟಿದ ದೂರದ ಅಳತೆ. ಎಲ್ಲಮ್ಮನಾಟದ ರಂಗದಲ್ಲಿ ಜೋಗತಿ ರೇಣುಕೆಯಾಗಿ ನಿಂತಾಗ ನೋಡುವವರು ಆ ದೂರವನ್ನು ಅಳೆಯಲು ಕೂತಿರುವುದಿಲ್ಲ; ಹಾಡು ಸರಿಯಾಯಿತೇ, ಕೊಡ ನಿಂತಿತೇ, ದೇವಿ ಒಲಿದಳೇ ಎಂದು ನೋಡುತ್ತಾರೆ.

2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಮಂಜಮ್ಮ ತಮ್ಮ ಸೆರಗಿನಿಂದ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದರು. ಕೆಲವೇ ಕ್ಷಣಗಳ ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಕ್ಯಾಮೆರಾ ಅಲ್ಲಿಯೂ ಇತ್ತು, ಆದರೆ ಏನು ಮಾಡಬೇಕೆಂದು ಅದು ಅವರಿಗೆ ಹೇಳಿಕೊಟ್ಟಿರಲಿಲ್ಲ. ಜೋಗ ಬೇಡಿ ಬಂದವರು ಮನೆಯವರಿಗೆ ಒಳಿತು ಹಾರೈಸುವ ಕ್ರಮವನ್ನೇ ಅವರು ರಾಷ್ಟ್ರಪತಿ ಭವನದಲ್ಲಿಯೂ ಪಾಲಿಸಿದ್ದರು.