ಇಕ್ಷುರಸದ ಪ್ರಸಂಗ ಮತ್ತು ನಮ್ಮ ಉತ್ಸವದ ಪಂಕ್ತಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಶ್ರಾವಕರಿಗೆ ಅಕ್ಷಯ ತೃತೀಯೆಯ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಘಟಪ್ರಭೆಯ ನೀರಿನಲ್ಲಿ ಕಬ್ಬು ಬೆಳೆಯುವ ಈ ಸೀಮೆಯಲ್ಲಿ, ಭಗವಾನ್ ವೃಷಭದೇವರ ಮೊದಲ ಪಾರಣೆ ಕಬ್ಬಿನ ಹಾಲಿನಿಂದಾಯಿತೆಂಬುದು ಒಕ್ಕಲುತನದ ಮನೆಗಳಿಗೆ ತಮ್ಮದೇ ಮಾತಿನಂತೆ ಆಪ್ತವಾದುದು. ಆದರೆ ನಮ್ಮ ಪ್ರವಚನಗಳಲ್ಲಿ ಈ ಪ್ರಸಂಗದ ಅರ್ಧಭಾಗವಷ್ಟೇ ಉಳಿದಿದೆಯೆಂದು ನನ್ನ ಭಾವನೆ. ಶ್ರೇಯಾಂಸಕುಮಾರನ ದಾನವನ್ನು ಕೊಂಡಾಡುತ್ತೇವೆ. ಅದಕ್ಕೆ ಮುಂಚಿನ ತಿಂಗಳುಗಳನ್ನು ಮರೆಯುತ್ತೇವೆ.

ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ, ಆರು ತಿಂಗಳ ಯೋಗವನ್ನು ಮುಗಿಸಿ ಆಹಾರಕ್ಕೆ ಹೊರಟ ಭಗವಂತರ ಮುಂದೆ ಜನರು ರತ್ನ, ವಸ್ತ್ರ, ವಾಹನಗಳನ್ನು ತಂದೊಪ್ಪಿಸಿದರು, ಕನ್ಯೆಯರನ್ನೂ ಕರೆತಂದರು. ಭಕ್ತಿಗೆ ಕೊರತೆಯಿರಲಿಲ್ಲ. ಎದುರಿಗೆ ನಿಂತವರಿಗೆ ಏನು ಬೇಕೆಂಬ ಅರಿವಿರಲಿಲ್ಲ. ಹಸ್ತಿನಾಪುರದ ಶ್ರೇಯಾಂಸನಿಗೆ ಆ ಅರಿವು ಜಾತಿಸ್ಮರಣೆಯಿಂದ ಬಂದಿತು: ತಾನು ಹಿಂದೆ ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರವಿತ್ತ ನೆನಪು. ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪ ಈ ದಂಪತಿಗಳ ಕಥೆಯನ್ನು ಎಷ್ಟು ಅಕ್ಕರೆಯಿಂದ ಬೆಳೆಸಿದನೆಂಬುದನ್ನು ಓದುಗರು ಬಲ್ಲರು. ರಸಿಕ ವಿಮರ್ಶಕರು ಅವರ ಪ್ರೇಮವನ್ನೇ ವರ್ಣಿಸಿ ಕಾಡಿನ ಆ ಆಹಾರದಾನವನ್ನು ಬೇಗ ದಾಟಿಬಿಡುತ್ತಾರೆ. ಅಲ್ಲಿ ಹುಲಿ, ಹಂದಿ, ಕೋತಿ, ಮುಂಗುಸಿಗಳೂ ಇದ್ದವು. ಅವು ಕೊಟ್ಟುದೇನೂ ಇಲ್ಲ, ನೋಡಿ ಸಂತೋಷಪಟ್ಟವು. ಅಷ್ಟರಿಂದಲೇ ದಾನಫಲದಲ್ಲಿ ಪಾಲು ಪಡೆದವು.

ಈಗ ನಮ್ಮ ಪಂಚಕಲ್ಯಾಣ ಮಹೋತ್ಸವಗಳ ಊಟಕ್ಕೆ ಬರೋಣ. ಹುಗ್ಗಿ, ಹೋಳಿಗೆಗಳ ಬಗ್ಗೆ ನನ್ನ ತಕರಾರಿಲ್ಲ; ದಾತಾರರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುವುದನ್ನೂ ಸಹಿಸಬಹುದು. ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ಜಿನಸೇನರು ದತ್ತಿಯನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಸಹಧರ್ಮಿಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಸಮದತ್ತಿಗೆ ಸಮೀಪವಾದುದು. ಅದನ್ನು ಪಾತ್ರದಾನವೆಂದು ಕರೆದು ನಾವೇ ನಮ್ಮ ಬೆನ್ನು ತಟ್ಟಿಕೊಳ್ಳುವುದು ಸರಿಯಲ್ಲ.

ನಾನು ಕಂಡ ಒಂದು ಉತ್ಸವದಲ್ಲಿ ಮಂಟಪ ಕಟ್ಟಿದ ಆಳುಗಳು, ಪಾತ್ರೆ ತಿಕ್ಕಿದ ಹೆಣ್ಣುಮಕ್ಕಳು ಕಡೆಯ ಪಂಕ್ತಿಗೆ ಕಾದಿದ್ದರು. ಗಣ್ಯರ ಭಾಷಣಗಳು ಬೆಳೆದವು, ಊಟ ತಡವಾಯಿತು, ಅವರ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗಿತು. ರಾತ್ರಿಭೋಜನ ನಿಷಿದ್ಧವೆಂದು ಅಡುಗೆಮನೆಯ ಬಾಗಿಲು ಹಾಕಿದರು. ಸಣ್ಣ ಜೀವಿಗಳಿಗೆ ಹಿಂಸೆಯಾಗಬಾರದೆಂದು ಹುಟ್ಟಿದ ನಿಯಮ ಅದು. ಅದನ್ನು ವ್ರತವಾಗಿ ಕೈಕೊಂಡವರೆಲ್ಲ ಆಗಲೇ ಉಂಡು ಕೈತೊಳೆದಿದ್ದರು. ಅಂದು ಅದರ ಭಾರ ಬಿದ್ದುದು ವ್ರತ ತೊಡದವರ ಮೇಲೆ.

ನಿಯಮವನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ದುಡಿದವರನ್ನು ಮಧ್ಯಾಹ್ನದ ಮೊದಲ ಪಂಕ್ತಿಗೇ ಕೂರಿಸಬಹುದು, ದಾತಾರರು ನಿಂತು ಬಡಿಸಬಹುದು. ಇದಕ್ಕೆ ಯಾವ ಆಗಮವೂ ಅಡ್ಡಬರುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಗಣ್ಯರ ಭಾಷಣಗಳಿಗೆ ಗೊತ್ತುಪಡಿಸಿದ ವೇಳೆಯನ್ನು ಮಾತ್ರ ಸ್ವಲ್ಪ ಮೊಟಕುಗೊಳಿಸಬೇಕಾದೀತು.